ಜ್ವರ ಬಿಟ್ಟರೂ ಸುಸ್ತು ಬಿಡದಾಗ: ಮನಸ್ಸನ್ನು ದೂರುವ ಮುನ್ನ

1957ರಲ್ಲಿ ಅಮೆರಿಕದಲ್ಲಿ ಏಷ್ಯನ್ ಫ್ಲೂ ಹರಡುವ ಮೊದಲೇ ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್ ಸೇನಾ ಸಂಶೋಧನಾ ಕೇಂದ್ರದ ನೂರಾರು ನೌಕರರು ತಮ್ಮ ಮನಃಸ್ಥಿತಿಯ ಬಗ್ಗೆ ಉದ್ದದ ಪ್ರಶ್ನಾವಳಿಗಳನ್ನು ತುಂಬಿಕೊಟ್ಟಿದ್ದರು. ಕೇಳಿದವರು ಇಂಬೋಡನ್, ಕ್ಯಾಂಟರ್ ಮತ್ತು ಕ್ಲಫ್ ಎಂಬ ಸಂಶೋಧಕರು. ಆಮೇಲೆ ಫ್ಲೂ ಬಂತು, 26 ಮಂದಿ ಮಲಗಿದರು. ಅವರಲ್ಲಿ 14 ಮಂದಿ ಮೂರು ವಾರದೊಳಗೆ ಮೊದಲಿನಂತಾದರು. ಉಳಿದ 12 ಮಂದಿಗೆ ಮೂರು ವಾರ ಕಳೆದರೂ ನಿಶ್ಶಕ್ತಿ ಹೋಗಲಿಲ್ಲ. ಹಳೆಯ ಉತ್ತರಗಳನ್ನು ತೆಗೆದು ನೋಡಿದಾಗ, ತಡವಾಗಿ ಚೇತರಿಸಿಕೊಂಡವರು ಕಾಯಿಲೆ ಬೀಳುವ ಮೊದಲೇ ಖಿನ್ನತೆಯ ಕಡೆಗೆ ವಾಲಿದವರಾಗಿದ್ದರು. ಜ್ವರದ ತೀವ್ರತೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

1961ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಒಂದು ದೊಡ್ಡ ಗುಣವಿದೆ. ಕಾಯಿಲೆಯಿಂದ ಬಳಲುತ್ತಿರುವವರನ್ನು ಹಿಡಿದು ‘ನಿಮಗೆ ಬೇಸರವಿದೆಯೇ’ ಎಂದು ಕೇಳಿದರೆ ಇದೆ ಎಂದೇ ಹೇಳುತ್ತಾರೆ. ಆ ಬೇಸರ ಕಾಯಿಲೆಗೆ ಮೊದಲಿನದೋ ಆಮೇಲಿನದೋ ತಿಳಿಯುವುದಿಲ್ಲ. ಫೋರ್ಟ್ ಡೆಟ್ರಿಕ್‌ನವರು ಮೊದಲೇ ಕೇಳಿಟ್ಟುಕೊಂಡಿದ್ದರು. ಇನ್ನೊಂದು ಕಡೆ, ಅದರ ಮಿತಿಯೂ ಕಣ್ಣಿಗೆ ಹೊಡೆಯುವಂಥದ್ದು. ತೀರ್ಮಾನವೆಲ್ಲ ನಿಂತಿರುವುದು 26 ಜನರ ಮೇಲೆ, ಅದೂ ಕೆಲವು ವಾರಗಳ ತಡದ ಮೇಲೆ. ವರ್ಷಗಟ್ಟಲೆ ಹಾಸಿಗೆ ಬಿಟ್ಟೇಳಲಾಗದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೂ ವೈರಸ್ ಜ್ವರದ ನಂತರ ಉಳಿಯುವ ಸುಸ್ತಿಗೆ ಮನೋಧರ್ಮವೇ ಮೂಲ ಎಂಬ ಮಾತಿಗೆ ಆಧಾರವಾಗಿ ಅದನ್ನು ದಶಕಗಳ ಕಾಲ ಉಲ್ಲೇಖಿಸುತ್ತ ಬರಲಾಯಿತು.

ಮನಸ್ಸಿಗೆ ಇಲ್ಲಿ ಪಾತ್ರವಿದೆಯೇ ಎಂದು ಕೇಳುವುದು ತಪ್ಪಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ತಕರಾರು ಇರುವುದು ಉತ್ತರ ಕೊಡುವ ರೀತಿಯ ಬಗ್ಗೆ. ಥೈರಾಯ್ಡ್ ಇದೆ ಎನ್ನಲು ವೈದ್ಯರು ರಕ್ತಪರೀಕ್ಷೆಯ ವರದಿ ತೋರಿಸುತ್ತಾರೆ, ಕ್ಷಯ ಎನ್ನಲು ಕಫ ಪರೀಕ್ಷೆ ಮಾಡಿಸುತ್ತಾರೆ. ‘ಇದು ಮನಸ್ಸಿಗೆ ಸಂಬಂಧಿಸಿದ್ದು’ ಎನ್ನಲು ಮಾತ್ರ ಉಳಿದ ಪರೀಕ್ಷೆಗಳೆಲ್ಲ ಸರಿಯಾಗಿ ಬಂದರೆ ಸಾಕು. ಮನಸ್ಸು ಕಾರಣ ಎಂಬುದೂ ಒಂದು ರೋಗನಿರ್ಣಯವೇ, ಅದಕ್ಕೂ ಅದರದೇ ಸಾಕ್ಷ್ಯ ಬೇಕು. ಈ ಅಳತೆಗೋಲು ಹಿಡಿದು ಕಳೆದ ಅರುವತ್ತು ವರ್ಷಗಳ ಮುಖ್ಯ ಅಧ್ಯಯನಗಳನ್ನು ನೋಡಿದರೆ, ಎಲ್ಲಿ ವಿಜ್ಞಾನ ನಡೆದಿದೆ, ಎಲ್ಲಿ ಊಹೆ ವಿಜ್ಞಾನದ ಹೆಸರಿನಲ್ಲಿ ಓಡಾಡಿದೆ ಎಂಬುದು ಸ್ಪಷ್ಟವಾಗುತ್ತದೆ.

ರೋಗಿಯನ್ನು ನೋಡದೆ ಬರೆದ ತೀರ್ಪು

1955ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಗಂಟಲು ನೋವು, ಊದಿದ ದುಗ್ಧಗ್ರಂಥಿಗಳು, ಮಾಂಸಖಂಡಗಳ ನೋವು ಮತ್ತು ನಿಶ್ಶಕ್ತಿ, ಕೆಲವರಲ್ಲಿ ಕಣ್ಣಿನ ಸ್ನಾಯುಗಳ ದುರ್ಬಲತೆ. ನವೆಂಬರ್ ವೇಳೆಗೆ ಸಿಬ್ಬಂದಿಯಲ್ಲೇ 292 ಮಂದಿ ಕಾಯಿಲೆ ಬಿದ್ದಿದ್ದರು. ಆಸ್ಪತ್ರೆಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮುಚ್ಚಬೇಕಾಯಿತು. ರೋಗಿಗಳನ್ನು ನೋಡಿಕೊಂಡ ಸಾಂಕ್ರಾಮಿಕ ರೋಗ ತಜ್ಞ ಮೆಲ್ವಿನ್ ರ‍್ಯಾಮ್ಸೆ ಮುಂದೆ ತಮ್ಮ ಜೀವಮಾನದ ಬಹುಭಾಗವನ್ನು ಇದೇ ಕಾಯಿಲೆಗೆ ಮೀಸಲಿಟ್ಟರು. ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಚಿಕ್ಕದಾಗಿ ಎಂಇ, ಎಂಬ ಹೆಸರು ಬೆಳೆದದ್ದು ಈ ಹಿನ್ನೆಲೆಯಲ್ಲೇ.

ಹದಿನೈದು ವರ್ಷ ಕಳೆದ ಮೇಲೆ, 1970ರ ಜನವರಿಯಲ್ಲಿ, ಮ್ಯಾಕ್‌ಎವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಸಾಮೂಹಿಕ ಉನ್ಮಾದ ಎಂದು ಬರೆದರು. ಅವರು ನೋಡಿದ್ದು ಹಳೆಯ ಕೇಸ್ ಶೀಟುಗಳನ್ನು. ಕಾಯಿಲೆ ಬಿದ್ದಿದ್ದ ಒಬ್ಬರನ್ನೂ ಅವರು ಪರೀಕ್ಷಿಸಲಿಲ್ಲ. ಅವರ ಮುಖ್ಯ ಆಧಾರಗಳಲ್ಲೊಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರು ಬಹಳ ಹೆಚ್ಚು ಎಂಬುದಾಗಿತ್ತು. ದಾದಿಯರು ತುಂಬಿದ್ದ, ಹಾಸ್ಟೆಲಿನಲ್ಲಿ ಒಟ್ಟಿಗೆ ಬದುಕುತ್ತಿದ್ದ ಸಮುದಾಯದಲ್ಲಿ ಯಾವ ಸೋಂಕು ಬಂದರೂ ಹೆಂಗಸರಿಗೇ ಹೆಚ್ಚು ತಗುಲುತ್ತದೆ ಎಂಬ ಸರಳ ಸಾಧ್ಯತೆ ಅವರ ತೀರ್ಪನ್ನು ತಡೆಯಲಿಲ್ಲ. ವಿಮರ್ಶೆಯ ದೃಷ್ಟಿಯಿಂದ ಇದು ದುರ್ಬಲ ಬರಹ. ಆದರೆ ಅದರ ಪರಿಣಾಮ ದುರ್ಬಲವಾಗಿರಲಿಲ್ಲ. ಮುಂದಿನ ಒಂದು ತಲೆಮಾರಿನ ವೈದ್ಯರು ಈ ಕಾಯಿಲೆಯ ಹೆಸರು ಕೇಳಿದರೆ ಮೊದಲು ರೋಗಿಯ ಸ್ವಭಾವವನ್ನು ಸಂಶಯಿಸುವಂತಾಯಿತು.

ಗುರಿಯನ್ನೇ ಹತ್ತಿರಕ್ಕೆ ತಂದ ಪ್ರಯೋಗ

ಉನ್ಮಾದ ಎಂಬ ಪದ ಬಳಕೆ ತಪ್ಪಿದ ಮೇಲೆ ಹೆಚ್ಚು ಸೌಮ್ಯವಾದ ಸಿದ್ಧಾಂತವೊಂದು ಬಂತು. ವೈರಸ್ ಬಂದು ಹೋಗಿದೆ, ರೋಗಿ ಮಾತ್ರ ಆಯಾಸಕ್ಕೆ ಹೆದರಿ ಚಟುವಟಿಕೆ ಬಿಟ್ಟಿದ್ದಾರೆ, ಹಾಗೆ ಬಿಟ್ಟಿದ್ದರಿಂದ ದೇಹ ಸೊರಗಿದೆ, ಆ ಸೊರಗು ಮತ್ತೆ ಹೆದರಿಕೆಯನ್ನು ಬೆಳೆಸಿದೆ ಎಂಬುದು ಅದರ ಸಾರ. ಹಾಗಿದ್ದರೆ ಪರಿಹಾರ ಎರಡು: ಹೆದರಿಕೆಯ ಯೋಚನೆಗಳನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಮತ್ತು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುವ ವ್ಯಾಯಾಮ. ಇವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಬ್ರಿಟನ್ನಿನ ಪೇಸ್ ಪ್ರಯೋಗ. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು, 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಣೆ. ಎರಡೂ ಚಿಕಿತ್ಸೆಗಳು ಸಾಧಾರಣ ಮಟ್ಟದಲ್ಲಿ ಫಲ ಕೊಟ್ಟವು ಎಂದು ವರದಿ ಹೇಳಿತು. 2013ರ ಇನ್ನೊಂದು ಪ್ರಬಂಧ, ಈ ಚಿಕಿತ್ಸೆ ಪಡೆದವರಲ್ಲಿ ಶೇ 22ರಷ್ಟು ಮಂದಿ ಗುಣಮುಖರಾದರು ಎಂದಿತು.

ಒಳಗೆ ಇಳಿದು ನೋಡಿದವರಿಗೆ ಕಂಡದ್ದು ಬೇರೆ. ದೈಹಿಕ ಸಾಮರ್ಥ್ಯವನ್ನು ನೂರು ಅಂಕಗಳ ಮಾಪಕದಲ್ಲಿ ಅಳೆಯಲಾಗಿತ್ತು. ಪ್ರಯೋಗಕ್ಕೆ ಸೇರಲು ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು, ಅಂದರೆ ಅಷ್ಟು ಕಾಯಿಲೆ ಇರಬೇಕಿತ್ತು. ಕೊನೆಯಲ್ಲಿ ‘ಸಹಜ ಮಟ್ಟ’ ಎಂದು ಎಣಿಸಲು ಇಟ್ಟ ಗೆರೆ 60. ಹೀಗೆ 65 ಅಂಕದೊಂದಿಗೆ ಒಳಬಂದು, ಇನ್ನಷ್ಟು ಕುಸಿದು 60ಕ್ಕೆ ಇಳಿದವರೂ ಸಹಜ ಮಟ್ಟದೊಳಗೆ ಬರಬಹುದಿತ್ತು. ಪ್ರಯೋಗದ ಮೂಲ ಯೋಜನೆಯಲ್ಲಿ ಗುಣಮುಖ ಎನ್ನಲು ಬೇಕಿದ್ದ ಅಂಕ 85. ಬದಲಾವಣೆಗಳಿಗೆ ಸಕಾರಣಗಳಿದ್ದವು ಎಂದು ಲೇಖಕರು ಸಮರ್ಥಿಸಿಕೊಂಡರು. ಆಸ್ಟ್ರೇಲಿಯಾದ ರೋಗಿಯೊಬ್ಬರು ಮಾಹಿತಿ ಹಕ್ಕಿನ ಕಾನೂನಿನಡಿ ದತ್ತಾಂಶ ಕೇಳಿದಾಗ ಪ್ರಯೋಗ ನಡೆಸಿದ ವಿಶ್ವವಿದ್ಯಾಲಯ ಕೊಡಲೊಪ್ಪಲಿಲ್ಲ. 2016ರಲ್ಲಿ ನ್ಯಾಯಮಂಡಳಿ ಕೊಡಬೇಕೆಂದು ಆದೇಶಿಸಿತು. ಮೂಲ ಮಾನದಂಡವನ್ನೇ ಹಿಡಿದು 2018ರಲ್ಲಿ ಪ್ರಕಟವಾದ ಮರುವಿಶ್ಲೇಷಣೆಯಲ್ಲಿ ಗುಣಮುಖರಾದವರು ಸಿಬಿಟಿ ಗುಂಪಿನಲ್ಲಿ ಶೇ 7, ವ್ಯಾಯಾಮದ ಗುಂಪಿನಲ್ಲಿ ಶೇ 4. ಎರಡೂ ಇಲ್ಲದೆ ಸಾಮಾನ್ಯ ವೈದ್ಯಕೀಯ ಆರೈಕೆ ಮಾತ್ರ ಪಡೆದವರಲ್ಲಿ ಶೇ 3. ಈ ಅಂತರ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದ ಆಧಾರವಿರಲಿಲ್ಲ.

ಅಂಕಿಗಳಿಗಿಂತ ಮುಖ್ಯವಾದ ದೋಷವೊಂದಿದೆ. ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗೂ ಗೊತ್ತು, ಚಿಕಿತ್ಸಕರಿಗೂ ಗೊತ್ತು. ಲಕ್ಷಣಗಳ ಕಡೆಗೆ ಗಮನ ಕಡಿಮೆ ಮಾಡಿ ಎಂದು ಚಿಕಿತ್ಸೆ ಕಲಿಸುತ್ತದೆ, ಕೊನೆಯಲ್ಲಿ ‘ನಿಮ್ಮ ಲಕ್ಷಣ ಎಷ್ಟಿದೆ’ ಎಂದು ಪ್ರಶ್ನಾವಳಿ ಕೇಳುತ್ತದೆ. ಉತ್ತರ ಸುಧಾರಿಸಿದರೆ ಸುಧಾರಿಸಿದ್ದು ದೇಹವೋ, ಉತ್ತರಿಸುವ ರೀತಿಯೋ ಹೇಳುವುದು ಹೇಗೆ? ಹೊರಗಿನಿಂದ ಅಳೆಯಬಹುದಾದದ್ದರಲ್ಲಿ ಬದಲಾವಣೆ ಸಣ್ಣದಾಗಿತ್ತು. ವ್ಯಾಯಾಮದ ಗುಂಪಿನವರು ವರ್ಷದ ಕೊನೆಗೆ ಆರು ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರ್. ಆರೋಗ್ಯವಂತ ವಯಸ್ಕರು ಅಷ್ಟೇ ಹೊತ್ತಿನಲ್ಲಿ 500 ಮೀಟರಿಗೂ ಹೆಚ್ಚು ನಡೆಯುತ್ತಾರೆ. ನೆದರ್ಲೆಂಡ್ಸ್‌ನ ಮೂರು ಸಿಬಿಟಿ ಪ್ರಯೋಗಗಳನ್ನು 2010ರಲ್ಲಿ ಮರುಪರಿಶೀಲಿಸಿದಾಗಲೂ ಇದೇ ಕಂಡಿತ್ತು. ರೋಗಿಗಳು ಸುಸ್ತು ಕಡಿಮೆಯಾಗಿದೆ ಎಂದರು, ಅವರ ಕಾಲಿಗೆ ಕಟ್ಟಿದ್ದ ಚಲನೆಯ ಮಾಪಕ ಮಾತ್ರ ಚಟುವಟಿಕೆ ಹೆಚ್ಚಿಲ್ಲ ಎಂದು ತೋರಿಸಿತು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್, ಎಂಇ ರೋಗಿಗಳಿಗೆ ಏರಿಕೆಯ ವ್ಯಾಯಾಮ ಕೊಡಬಾರದು ಎಂದಿತು. ಸಿಬಿಟಿಯನ್ನು ಕಾಯಿಲೆಯೊಂದಿಗೆ ಬದುಕಲು ನೆರವಾಗುವ ಸಾಧನವಾಗಿ ಉಳಿಸಿಕೊಂಡಿತು, ಗುಣಪಡಿಸುವ ಮದ್ದಾಗಿ ಅಲ್ಲ. ಈ ವಿವೇಚನೆ ಸರಿಯಾದದ್ದು ಎಂದು ನನಗನ್ನಿಸುತ್ತದೆ.

ಕೋವಿಡ್ ಕಾಲದ ಎರಡು ಅಧ್ಯಯನಗಳು

ಲಾಂಗ್ ಕೋವಿಡ್ ಬಂದ ಮೇಲೆ ಹಳೆಯ ಪ್ರಶ್ನೆ ಹೊಸ ಬಲದೊಂದಿಗೆ ಎದ್ದಿತು. ಹಾರ್ವರ್ಡ್‌ನ ತಂಡವೊಂದು 2020ರ ಏಪ್ರಿಲ್‌ನಲ್ಲಿ, ಮುಖ್ಯವಾಗಿ ದಾದಿಯರೇ ಇದ್ದ ಸುಮಾರು 55,000 ಜನರಿಂದ ಖಿನ್ನತೆ, ಆತಂಕ, ಕೋವಿಡ್ ಚಿಂತೆ, ಒತ್ತಡ, ಒಂಟಿತನಗಳ ಬಗ್ಗೆ ಉತ್ತರ ಪಡೆಯಿತು. ಮುಂದೆ ಅವರಲ್ಲಿ 3,193 ಮಂದಿಗೆ ಸೋಂಕು ತಗುಲಿತು. ಮೊದಲೇ ಎರಡು ಅಥವಾ ಹೆಚ್ಚು ಬಗೆಯ ಮನೋವೇದನೆ ಇದ್ದವರಲ್ಲಿ ಲಾಂಗ್ ಕೋವಿಡ್ ಸಂಭವ ಸುಮಾರು ಶೇ 50ರಷ್ಟು ಹೆಚ್ಚಿತ್ತು. ಫೋರ್ಟ್ ಡೆಟ್ರಿಕ್‌ನ ಗುಣ ಇಲ್ಲಿ ಉಳಿದಿದೆ, ಅದರ ಕೊರತೆ ತುಂಬಿದೆ. ಮನಸ್ಸಿನ ಸ್ಥಿತಿಗೂ ಚೇತರಿಕೆಗೂ ನಂಟಿದೆ ಎಂಬುದಕ್ಕೆ ನನಗೆ ಗೊತ್ತಿರುವ ಗಟ್ಟಿಯಾದ ಸಾಕ್ಷ್ಯಗಳಲ್ಲಿ ಇದೂ ಒಂದು.

ಇದನ್ನು ಪೂರ್ತಿ ಓದಬೇಕು. ಲಾಂಗ್ ಕೋವಿಡ್ ಬಂದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಮೊದಲು ಯಾವ ಮನೋವೇದನೆಯೂ ಇರಲಿಲ್ಲ. ತಮ್ಮ ಫಲಿತಾಂಶವನ್ನು ‘ಇದು ಮನೋಜನ್ಯ’ ಎಂದು ಓದಬಾರದು ಎಂದು ಲೇಖಕರೇ ಎಚ್ಚರಿಸಿದ್ದಾರೆ. ಒತ್ತಡ ಹೃದಯಾಘಾತದ ಸಂಭವವನ್ನೂ ಹೆಚ್ಚಿಸುತ್ತದೆ, ಹಾಗೆಂದು ಎದೆ ಹಿಡಿದುಕೊಂಡು ಬಂದವರ ರಕ್ತನಾಳ ನೋಡುವುದನ್ನು ಯಾರೂ ಬಿಡುವುದಿಲ್ಲ. ದೀರ್ಘಕಾಲದ ಒತ್ತಡ ರೋಗನಿರೋಧಕ ವ್ಯವಸ್ಥೆಯನ್ನೂ ಉರಿಯೂತವನ್ನೂ ಬದಲಿಸಬಲ್ಲದು. ಆದ್ದರಿಂದ ಮನಸ್ಸು ಒಂದು ಅಂಶ ಎನ್ನುವ ಮಾತು ದೇಹದ ವಿಚಾರಣೆಯನ್ನು ಮುಗಿಸುವುದಿಲ್ಲ, ಅದನ್ನು ಇನ್ನಷ್ಟು ಅಗತ್ಯ ಮಾಡುತ್ತದೆ.

ಫ್ರಾನ್ಸಿನ ಇನ್ನೊಂದು ಅಧ್ಯಯನ 2021ರಲ್ಲಿ ದೊಡ್ಡ ಸುದ್ದಿಯಾಯಿತು. ಸುಮಾರು 27,000 ಜನರಲ್ಲಿ, ಉಳಿದುಕೊಂಡ ಲಕ್ಷಣಗಳಿಗೆ ರಕ್ತದಲ್ಲಿ ಪ್ರತಿಕಾಯ ಇರುವುದಕ್ಕಿಂತ ‘ನನಗೆ ಕೋವಿಡ್ ಬಂದಿತ್ತು’ ಎಂಬ ನಂಬಿಕೆಯ ಜತೆ ಹೆಚ್ಚು ನಂಟು ಕಂಡಿತ್ತು. ನಂಬಿಕೆಯೇ ಲಕ್ಷಣ ತರುತ್ತದೆ ಎಂದು ಹಲವರು ಅರ್ಥ ಮಾಡಿಕೊಂಡರು. ಆದರೆ ನಂಬಿಕೆಯ ಬಗ್ಗೆಯೂ ಲಕ್ಷಣದ ಬಗ್ಗೆಯೂ ಕೇಳಿದ್ದು ಒಂದೇ ಸಲ. ತಿಂಗಳುಗಟ್ಟಲೆ ಏದುಸಿರು ಬಿಡುವವರು ತಮಗೆ ಕೋವಿಡ್ ಬಂದಿರಬೇಕು ಎಂದುಕೊಳ್ಳುವುದು ಸಹಜ, ಅಂದರೆ ಲಕ್ಷಣವೇ ನಂಬಿಕೆಯನ್ನು ತಂದಿರಬಹುದು. ಪ್ರತಿಕಾಯ ಪರೀಕ್ಷೆ ಸೋಂಕಾದ ಕೆಲವರನ್ನು ಬಿಟ್ಟುಬಿಡುವುದೂ ಉಂಟು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲಾಗದ ವಿನ್ಯಾಸದಿಂದ ರೋಗಿಯ ಮೇಲೆ ತೀರ್ಪು ಕೊಡುವುದು ಅನ್ಯಾಯ.

ಇದೇ ಕಟ್ಟುನಿಟ್ಟನ್ನು ದೇಹದ ಪರವಾದ ಅಧ್ಯಯನಗಳಿಗೂ ಅನ್ವಯಿಸಬೇಕು. 2024ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡ 25 ಲಾಂಗ್ ಕೋವಿಡ್ ರೋಗಿಗಳಿಗೂ 21 ಆರೋಗ್ಯವಂತರಿಗೂ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ತುಣುಕು ತೆಗೆದು ನೋಡಿತು. ಶ್ರಮದ ನಂತರ ರೋಗಿಗಳ ಸ್ನಾಯುವಿನಲ್ಲಿ ಹಾನಿ ಹೆಚ್ಚಿತ್ತು, ಶಕ್ತಿ ಉತ್ಪಾದನೆಯೂ ಏರುಪೇರಾಗಿತ್ತು. ದುಡಿದ ಮಾರನೆಯ ದಿನ ನೆಲ ಕಚ್ಚುವ ಅನುಭವಕ್ಕೆ ಅಂಗಾಂಶದಲ್ಲಿ ಗುರುತು ಸಿಕ್ಕಿದ್ದು ಮಹತ್ವದ ಸಂಗತಿ. ಆದರೂ 26 ಜನರ ಅಧ್ಯಯನ ಚಿಕ್ಕದು ಎಂದವರು 25 ಜನರದ್ದೂ ಚಿಕ್ಕದು ಎನ್ನಲೇಬೇಕು. ಇದು ಕೊನೆಯ ಮಾತಲ್ಲ, ಮುಂದಿನ ಹುಡುಕಾಟಕ್ಕೆ ದಾರಿ.

ಡಬ್ಬೊ ಊರಿನ ಪಾಠ, ನಮ್ಮ ಚಿಕೂನ್‌ಗುನ್ಯಾ

ಇಷ್ಟರಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಅಧ್ಯಯನವನ್ನು. 2006ರಲ್ಲಿ ಪ್ರಕಟವಾದ ಇದರಲ್ಲಿ 253 ಮಂದಿಯನ್ನು ಜ್ವರ ಬಂದಾಗಿನಿಂದಲೇ ಹಿಂಬಾಲಿಸಲಾಯಿತು. ಕೆಲವರಿಗೆ ಎಪ್‌ಸ್ಟೀನ್-ಬಾರ್ ವೈರಸ್, ಕೆಲವರಿಗೆ ಸೊಳ್ಳೆ ಹರಡುವ ರಾಸ್ ರಿವರ್ ವೈರಸ್, ಇನ್ನು ಕೆಲವರಿಗೆ ಕ್ಯೂ ಜ್ವರದ ಬ್ಯಾಕ್ಟೀರಿಯಾ. ಮೂರು ಬೇರೆ ಬೇರೆ ರೋಗಾಣುಗಳು. ಆರು ತಿಂಗಳ ಕೊನೆಗೆ ಸುಮಾರು ಶೇ 12ರಷ್ಟು ಮಂದಿಯಲ್ಲಿ ಕೆಲಸ ಕೆಡಿಸುವಷ್ಟು ಸುಸ್ತು ಉಳಿದಿತ್ತು. ರೋಗಾಣು ಯಾವುದಾದರೂ ಉಳಿದ ಲಕ್ಷಣಗಳ ಚಿತ್ರ ಹೆಚ್ಚುಕಡಿಮೆ ಒಂದೇ. ಯಾರಿಗೆ ಉಳಿಯುತ್ತದೆ ಎಂದು ಮುಂಚೆಯೇ ಸೂಚಿಸಿದ್ದು ಮೊದಲ ದಿನಗಳ ಕಾಯಿಲೆಯ ತೀವ್ರತೆ. ವಯಸ್ಸು, ಲಿಂಗ, ಹಿಂದಿನ ಮನೋರೋಗದ ಇತಿಹಾಸ ಅಷ್ಟಾಗಿ ಸೂಚಿಸಲಿಲ್ಲ. ಪ್ರಬಂಧದ ಮೊದಲ ಲೇಖಕ ಇಯಾನ್ ಹಿಕಿ ಸ್ವತಃ ಮನೋವೈದ್ಯರು. ತಮ್ಮ ಶಾಸ್ತ್ರದ ಪರವಾದ ಉತ್ತರ ಸಿಗದಿದ್ದಾಗ ಅದನ್ನು ನೇರವಾಗಿ ಬರೆದದ್ದು ಈ ಅಧ್ಯಯನದ ಮೇಲಿನ ನನ್ನ ಗೌರವವನ್ನು ಹೆಚ್ಚಿಸಿದೆ.

ರಾಸ್ ರಿವರ್ ವೈರಸ್ ಚಿಕೂನ್‌ಗುನ್ಯಾದ ಹತ್ತಿರದ ಸಂಬಂಧಿ. ಡಬ್ಬೊ ಅಧ್ಯಯನ ಪ್ರಕಟವಾದ ಅದೇ 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾದವು. ಜ್ವರ ವಾರದಲ್ಲಿ ಬಿಟ್ಟರೂ ಗಂಟುಗಳ ನೋವು ಎಷ್ಟೋ ಮಂದಿಯನ್ನು ತಿಂಗಳುಗಟ್ಟಲೆ ಕಾಡಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ಕಳೆ ಕೀಳಲು ಕುಕ್ಕರಗಾಲಲ್ಲಿ ಕೂತವರಿಗೆ ಏಳಲಾಗದು. ಆ ನೋವನ್ನು ಜನ ನಂಬಿದರು. ಪಕ್ಕದ ಮನೆಯವರೂ ಕುಂಟುತ್ತಿದ್ದರು, ಊದಿದ ಗಂಟು ಕಣ್ಣಿಗೆ ಕಾಣುತ್ತಿತ್ತು. ಕೋವಿಡ್ ನಂತರದ ಸುಸ್ತಿಗೆ ಆ ಸಾಕ್ಷಿ ಇಲ್ಲ. ಮುಖ ನೋಡಿದರೆ ಚೆನ್ನಾಗಿಯೇ ಇದ್ದಾರೆ, ಪಕ್ಕದ ಮನೆಯವರು ಎದ್ದು ಓಡಾಡುತ್ತಿದ್ದಾರೆ. ವೈರಸ್ ಬಿಟ್ಟುಹೋಗುವ ತೊಂದರೆ ಕಾಣುವಂಥದ್ದಾದರೆ ದೇಹದ್ದು, ಕಾಣದಿದ್ದರೆ ಮನಸ್ಸಿನದು ಎಂಬ ಲೆಕ್ಕಾಚಾರ ಇಲ್ಲಿ ಕೆಲಸ ಮಾಡುತ್ತದೆ.

ನಮ್ಮ ಕ್ಲಿನಿಕ್ಕುಗಳಲ್ಲಿ

ನಮ್ಮಲ್ಲಿ ಇದು ನಡೆಯುವ ಬಗೆ ಎಲ್ಲರಿಗೂ ಗೊತ್ತು. ರಕ್ತ, ಥೈರಾಯ್ಡ್, ಬಿ12, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಆಗುತ್ತವೆ. ‘ಏನಿಲ್ಲಮ್ಮ, ಎಲ್ಲ ನಾರ್ಮಲ್ ಇದೆ. ಟೆನ್ಶನ್ ಮಾಡ್ಕೋಬೇಡಿ, ದಿನಾ ವಾಕಿಂಗ್ ಮಾಡಿ’ ಎಂಬ ಮಾತಿನೊಂದಿಗೆ ವಿಟಮಿನ್ ಮಾತ್ರೆಯ ಚೀಟಿ ಕೈಗೆ ಬರುತ್ತದೆ. ಮನೆಗೆ ಬಂದರೆ ಆ ‘ನಾರ್ಮಲ್’ ಎಂಬ ಮಾತೇ ಸೊಸೆಯ ವಿರುದ್ಧದ ಪುರಾವೆಯಾಗುತ್ತದೆ. ಡಾಕ್ಟರೇ ಏನಿಲ್ಲ ಅಂದಮೇಲೆ ಇದು ಕೆಲಸ ತಪ್ಪಿಸುವ ನೆವ ಎಂದಾಗುತ್ತದೆ. ಗಾರ್ಮೆಂಟ್ ಕಾರ್ಖಾನೆಯ ಮಿಷಿನ್ ಮುಂದೆ ದಿನವಿಡೀ ಕೂರುವವರಿಗೆ, ಕೂಲಿಗೆ ಹೋಗುವವರಿಗೆ ‘ವಾಕಿಂಗ್ ಮಾಡಿ’ ಎಂಬ ಸಲಹೆ ಎಷ್ಟು ದುಬಾರಿ ಎಂದು ಯಾರೂ ಕೇಳುವುದಿಲ್ಲ. ಶ್ರಮದಿಂದ ಹದಗೆಡುವ ಕಾಯಿಲೆಗೆ ಇನ್ನಷ್ಟು ಶ್ರಮವನ್ನೇ ಮದ್ದಾಗಿ ಕೊಟ್ಟಂತಾಗುತ್ತದೆ.

ಇನ್ನೂ ನೋವಿನ ಸಂಗತಿ, ಹೀಗೆ ‘ಟೆನ್ಶನ್’ ಎಂದು ಕಳಿಸುವುದರಿಂದ ಮನಸ್ಸಿಗೂ ಚಿಕಿತ್ಸೆ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಮನೋಕಾರಣ ಎಂದವರು ಕನಿಷ್ಠ ಒಬ್ಬ ಚಿಕಿತ್ಸಕರ ಬಳಿಗೆ ಕಳಿಸಿದರು. ನಮ್ಮಲ್ಲಿ ಆ ಮಾತು ಭೇಟಿಯನ್ನು ಮುಗಿಸುವ ವಿಧಾನವಾಗಿದೆ. ಮನೋರೋಗ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ದಾರಿಯನ್ನು ನಿಮ್ಹಾನ್ಸ್ ಬಳ್ಳಾರಿಯಲ್ಲಿ ತೋರಿಸಿ, ದೇಶವೇ ಅದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಅಳವಡಿಸಿಕೊಂಡಿತು. ಅಂಥ ನಾಡಿನಲ್ಲಿ ಖಿನ್ನತೆಯನ್ನು ಹೆಸರಿಸಿ ಚಿಕಿತ್ಸೆ ಕೊಡುವ ಬದಲು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದು ಕಳಿಸುವುದು ಆ ಪರಂಪರೆಗೆ ತಕ್ಕದ್ದಲ್ಲ.

ಖಿನ್ನತೆಯನ್ನು ಅಳೆಯುವಾಗಲೂ ಎಚ್ಚರ ಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆಗೆ ಒಂದೊಂದು ಪ್ರಶ್ನೆಯಿದೆ. ಪ್ರತಿಯೊಂದಕ್ಕೂ ಗರಿಷ್ಠ 3 ಅಂಕ. ವೈರಸ್ ಜ್ವರದಿಂದ ಬಳಲಿದವರು ಈ ನಾಲ್ಕಕ್ಕೂ ‘ಹೆಚ್ಚುಕಡಿಮೆ ಪ್ರತಿದಿನ’ ಎಂದರೆ 12 ಅಂಕವಾಯಿತು. ಖಿನ್ನತೆ ಇರಬಹುದು ಎಂದು ಗುರುತಿಸಲು ಬಳಸುವ ಗೆರೆ 10. ದುಃಖದ ಪ್ರಶ್ನೆಗಳಿಗೆ ಸೊನ್ನೆ ಬಂದರೂ ಅವರು ಖಿನ್ನರ ಪಟ್ಟಿಗೆ ಸೇರಬಹುದು. ಒಟ್ಟು ಅಂಕ ನೋಡಿ ನಿರ್ಧರಿಸುವ ಬದಲು ಯಾವ ಪ್ರಶ್ನೆಯಿಂದ ಅಂಕ ಬಂತು ಎಂದು ನೋಡಬೇಕು. ಖಿನ್ನತೆ ಹಿಡಿದವರಿಗೆ ಸಾಮಾನ್ಯವಾಗಿ ಯಾವುದರಲ್ಲೂ ಆಸಕ್ತಿ ಹುಟ್ಟದು. ಇಲ್ಲಿ ಎಷ್ಟೋ ಮಂದಿಗೆ ಮಾಡುವ ಆಸೆ ತುಂಬ ಇರುತ್ತದೆ, ಮಾಡಿದರೆ ಮಾರನೆಯ ದಿನ ಮಲಗಬೇಕಾಗುತ್ತದೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಆಗ ಎರಡಕ್ಕೂ ಚಿಕಿತ್ಸೆ ಬೇಕು.

ಇದಕ್ಕೆಲ್ಲ ದೊಡ್ಡ ಯಂತ್ರಗಳು ಬೇಕಿಲ್ಲ. ‘ಹೆಚ್ಚು ಕೆಲಸ ಮಾಡಿದ ಮಾರನೆಯ ದಿನ ಹೇಗಿರುತ್ತೀರಿ’ ಎಂದು ಕೇಳಲು ಒಂದು ನಿಮಿಷ ಸಾಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಎಂಇ ಗುರುತಿಸಲು ಕೇಂದ್ರ ಲಕ್ಷಣವೆಂದು ಎತ್ತಿ ಹೇಳಿದ್ದೂ ಶ್ರಮದ ನಂತರದ ಈ ಕುಸಿತವನ್ನೇ. ಮಲಗಿಸಿ ನಾಡಿ ಎಣಿಸಿ, ಎದ್ದು ನಿಲ್ಲಿಸಿ ಹತ್ತು ನಿಮಿಷ ಎಣಿಸಿದರೆ ಸಾಕು. ವಯಸ್ಕರಲ್ಲಿ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿಯೇ ಉಳಿದು, ರಕ್ತದೊತ್ತಡ ಇಳಿಯದಿದ್ದರೆ ಅದು ಸ್ವನಿಯಂತ್ರಿತ ನರವ್ಯವಸ್ಥೆಯ ತೊಂದರೆಯ ಸೂಚನೆ. ತಾಲ್ಲೂಕು ಆಸ್ಪತ್ರೆಯಲ್ಲೂ ಗಡಿಯಾರ, ಬಿಪಿ ಯಂತ್ರ ಇದ್ದೇ ಇರುತ್ತವೆ. ‘ಆತಂಕದಿಂದ ಎದೆ ಬಡಿತ’ ಎಂದು ಬರೆಯುವ ಮೊದಲು ಇಷ್ಟಾದರೂ ಆಗಬೇಕು. ಕಾರಣ ಸಿಗದಿದ್ದರೆ ‘ನಮಗಿನ್ನೂ ತಿಳಿದಿಲ್ಲ, ಆದರೆ ನಿಮ್ಮ ತೊಂದರೆ ನಿಜ. ಶಕ್ತಿ ಇದ್ದಷ್ಟೇ ಕೆಲಸ ಮಾಡಿ, ಮತ್ತೆ ಬನ್ನಿ’ ಎನ್ನುವ ಪ್ರಾಮಾಣಿಕತೆ ಬೇಕು. ಮನೆಯವರ ಮುಂದೆ ವೈದ್ಯರು ಈ ಮಾತು ಹೇಳಿದರೆ ರೋಗಿಗೆ ಸಿಗುವ ವಿಶ್ರಾಂತಿ ಯಾವ ಮಾತ್ರೆಗೂ ಕಡಿಮೆಯಲ್ಲ.

ವೈರಸ್ ಜ್ವರದ ನಂತರದ ಸುಸ್ತಿನಲ್ಲಿ ಮನಸ್ಸಿನ ಪಾಲು ಎಷ್ಟು ಎಂಬ ಪ್ರಶ್ನೆ ಇನ್ನೂ ತೆರೆದಿದೆ, ತೆರೆದಿರಲಿ. ಅದನ್ನು ಹಾರ್ವರ್ಡ್ ತಂಡದಂತೆ ಮೊದಲೇ ಅಳೆದು, ಡಬ್ಬೊದಂತೆ ಜ್ವರದ ದಿನದಿಂದಲೇ ಹಿಂಬಾಲಿಸಿ, ಸಿಕ್ಕ ಉತ್ತರವನ್ನು ತಿರುಚದೆ ಹೇಳುವವರು ಕೇಳಲಿ. ಡೆಂಗಿ, ಚಿಕೂನ್‌ಗುನ್ಯಾ ವರ್ಷ ವರ್ಷವೂ ಬರುವ ನಮ್ಮ ಜಿಲ್ಲೆಗಳಲ್ಲಿ ಅಂಥ ಅಧ್ಯಯನಕ್ಕೆ ಅವಕಾಶಕ್ಕೇನೂ ಕೊರತೆಯಿಲ್ಲ. ಅದು ನಡೆಯುವವರೆಗೆ, ಮನಸ್ಸೇ ಕಾರಣ ಎನ್ನುವ ವೈದ್ಯರು ಆ ಮಾತಿಗೆ ಪುರಾವೆ ಕೊಡುವ ಹೊಣೆಯನ್ನೂ ಹೊರಬೇಕು. ಆ ಹೊಣೆಯನ್ನು ಕಾಯಿಲೆ ಬಿದ್ದವರ ತಲೆಗೆ ಕಟ್ಟುವ ರೂಢಿ ಇಲ್ಲಿಗೆ ನಿಲ್ಲಬೇಕು.